ತೊಳೆದಿಟ್ಟ ಹಿಂಡಿ ಡಬ್ಬಿ

ಹನ್ನೊಂದನೆಯ ಮೆಟ್ಟಿಲು ಹತ್ತಿದ ಮೇಲೆ ಗುರಣ್ಣನಿಗೆ ಏನೋ ಸರಿಯಿಲ್ಲ ಅನ್ನಿಸಿತು.

ಕಿಣ್ಣಿ ಸುಲ್ತಾನ ಎಂಬ ಊರಿನ ಆ ಮನೆಯಲ್ಲಿ ಫೋನಿನ ಸಿಗ್ನಲ್ ಬೇಕೆಂದರೆ ಮಾಳಿಗೆಗೇ ಹತ್ತಬೇಕು. ಹದಿನಾಲ್ಕು ಕಲ್ಲಿನ ಮೆಟ್ಟಿಲು, ಒಂದಕ್ಕಿಂತ ಒಂದು ಎತ್ತರ. ಹೋದ ವಾರ ಇದೇ ಮೆಟ್ಟಿಲು ಹತ್ತುವಾಗ ಅವನು ಎರಡು ಸಲ ಕುಳಿತು ಸುಧಾರಿಸಿಕೊಂಡಿದ್ದ, ಮನೆ ಕಟ್ಟಿದ ಗೌಂಡಿಯನ್ನು ಮೂರು ಸಲ ಬೈದಿದ್ದ. ಇವತ್ತು ಒಂದೇ ದಮ್ಮಿಗೆ ಹತ್ತುತ್ತಿದ್ದ. ಎಂಟು ವರ್ಷದಿಂದ ಕಾಡುತ್ತಿದ್ದ ಮೊಣಕಾಲು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅರವತ್ತಮೂರರ ಮನುಷ್ಯ ಇದಕ್ಕೆ ಖುಷಿಪಡಬೇಕಿತ್ತು. ಗುರಣ್ಣನಿಗೆ ಖುಷಿಪಡುವಷ್ಟೂ ತ್ರಾಣ ಉಳಿದಿರಲಿಲ್ಲ. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ, ಬಾವಿಗೆ ಔಷಧ ಹಾಕಿ, ಕಲಬೆರಕೆ ಎಣ್ಣೆಯವರನ್ನು ಹಿಡಿದು ನಿವೃತ್ತನಾದ ಹೆಲ್ತ್ ಇನ್‌ಸ್ಪೆಕ್ಟರ್ ಅವನು. ಮನೆಯಲ್ಲಿ ಕುಳಿತು ಪೇಪರ್ ಓದಬೇಕಾದ ವಯಸ್ಸಿನಲ್ಲಿ, ಒಂದೇ ಸಂಬಂಧದ ಮೂರು ಮನೆಗೆ ಒಟ್ಟಿಗೆ ರೋಗ ಬಿತ್ತೆಂದು ಕೇಳಿ, ಕಂಡವರ ಮನೆಯ ಸಾವಿನ ಹಿಂದೆ ಬಿದ್ದಿದ್ದಾನೆ.

ಸತ್ತವನು ಈ ಮನೆಯ ಯಜಮಾನ ಬೀರಲಿಂಗಪ್ಪ. ಇಂದಿಗೆ ಹನ್ನೆರಡು ದಿನ. ಸೊಸೆ ಶಿವಕಾಂತಾ ವಿಷ ಹಾಕಿದಳೆಂದು ಅವಳ ಸ್ವಂತ ಗಂಡ ಪರಮೇಶನೇ ದೂರು ಕೊಟ್ಟಿದ್ದಾನೆ. ಮಧ್ಯಾಹ್ನ ನಾಲ್ಕಕ್ಕೆಲ್ಲ ಪೊಲೀಸರನ್ನು ಕರೆತರುತ್ತೇನೆಂದು ಈಗಷ್ಟೇ ಆಳಂದಕ್ಕೆ ಹೋಗಿದ್ದಾನೆ. ಈಗ ಒಂದೂವರೆ.

ಗುರಣ್ಣ ಮಾಳಿಗೆಯ ಅಂಚಿನ ಗೋಡೆಗೆ ಒರಗಿ ಫೋನು ಹಚ್ಚಿದ. ಆ ಕಡೆ ಕಲಬುರಗಿಯಿಂದ ಡಾಕ್ಟರ್ ಮೆಹರಾಜಬೇಗಂ. ಅವನ ಇಲಾಖೆಯ ಜೀಪು ಓಡಿಸುತ್ತಿದ್ದ ಲಾಲಸಾಬನ ಮಗಳು, ಅವನ ಕಣ್ಣೆದುರೇ ಓದಿ ದೊಡ್ಡವಳಾದವಳು.

“ಕಾಕಾ, ಮೂರೂ ರಿಪೋರ್ಟ್ ಬಂದಾವ್ರಿ. ನೀವು ಅಂದಂಗ ಒಂದ ಕ್ರಿಮಿ ಅಲ್ಲ. ಮೂರು ಮನಿ, ಮೂರು ಬ್ಯಾರೆ ಬ್ಯಾರೆ ಕ್ರಿಮಿ.”

ಗುರಣ್ಣ ಅಲ್ಲೇ ಕುಳಿತ. ಒಂದು ವಾರ ಹೆಣೆದ ಲೆಕ್ಕಾಚಾರ ಒಂದೇ ಮಾತಿಗೆ ಬಿಚ್ಚಿಹೋಯಿತು.

ಬೀರಲಿಂಗಪ್ಪನ ಅಂಗಾಲಿಗೆ ಹೊಲದಲ್ಲಿ ತೊಗರಿ ಕೂಳೆ ಚುಚ್ಚಿತ್ತು. ಕೊಯ್ದ ತೊಗರಿಯ ಮೊಂಡು ಕಡ್ಡಿ ಈ ಸೀಮೆಯಲ್ಲಿ ಯಾರಿಗೆ ಚುಚ್ಚಿಲ್ಲ? ನಾಲ್ಕೇ ದಿನಕ್ಕೆ ರಕ್ತವೆಲ್ಲ ನಂಜಾಗಿ ಹೋದ. ಅದೇ ವಾರ ಅಫಜಲಪುರದಲ್ಲಿ ಹಿರಿಯ ಮಗಳು ಅಮೃತಳ ಅತ್ತೆ ಎರಡೂ ಪುಪ್ಪುಸ ಕೆಟ್ಟು ಆಸ್ಪತ್ರೆ ಸೇರಿದಳು. ಜೇವರ್ಗಿಯಲ್ಲಿ ಕಿರಿಯ ಮಗಳು ಶಿವಗಂಗಾಳ ಗಂಡನಿಗೆ ದವಡೆ ಹಲ್ಲಿನ ಕೀವು ಕುತ್ತಿಗೆಗಿಳಿದು ಕೊಯ್ಯಬೇಕಾಯಿತು. ಮೂವರಿಗೂ ರೋಗ ಕೈಮೀರುವವರೆಗೆ ಜ್ವರವಿಲ್ಲ, ನೋವಿಲ್ಲ. ಎರಡೂ ಊರಿಗೆ ತಿಂಗಳು ತಿಂಗಳು ಬಸ್ಸಿನಲ್ಲಿ ಬುತ್ತಿ ಒಯ್ದು ಕೊಟ್ಟು ಬರುತ್ತಿದ್ದವಳು ಸೊಸೆ ಶಿವಕಾಂತಾ. ಊರಿಗೆ ಅಷ್ಟು ಸಾಕಾಗಿತ್ತು.

“ಏನರ ಅಪರೂಪದ ಕ್ರಿಮಿ ಏನವ್ವ?”

“ಅದೇ ತಿಳಿವಲ್ದು ನೋಡ್ರಿ. ಎಲ್ಲಾ ನಮ್ಮ ಸಂಗಾಟನ ಇರೋವು. ಕಾಲಿಂದು ಸ್ಟ್ಯಾಫ್ ಅನ್ನೋ ಕ್ರಿಮಿ. ಅದು ಮಂದಿ ಮೂಗಿನ್ಯಾಗ ಆರಾಮ ಇರ್ತದ. ಅಜ್ಜೀದು ನ್ಯುಮೋನಿಯಾದ ಕ್ರಿಮಿ, ಗಂಟಲಾಗ ಸುಮ್ನ ಕುಂತಿರ್ತದ. ಹಲ್ಲಿಂದಂತೂ ಎಲ್ಲಾರ ಬಾಯಾಗೂ ಅದ.”

“ಮತ್ತ ದಿನಾ ಸುಮ್ನ ಇದ್ದಾವು ಈಗ ಹೆಂಗ ಮ್ಯಾಲ ಬಿದ್ವು?”

“ಅವುಕ್ಕ ಆಟ ಗೊತ್ತದ ಕಾಕಾ. ಸ್ಟ್ಯಾಫ್ ನಮ್ಮದ ರಕ್ತ ಹೆಪ್ಪುಗಟ್ಟಿಸಿ ಮೈಮ್ಯಾಲ ಹೊದ್ಕೋತದ. ಬಿಳಿ ರಕ್ತಕಣ ಬಂದು ನೋಡಿದ್ರ, ಇಂವ ನಮ್ಮಾಂವ ಅಂತ ಮುಂದ ಹೋಗ್ತದ. ನ್ಯುಮೋನಿಯಾದ್ದು ಲೋಳಿ ಕವಚ ಹಾಕ್ಕೊಂಡಿರ್ತದ, ಹಿಡ್ಯಾಕ ಹೋದ್ರ ಜಾರ್ತದ. ಹಲ್ಲಿನವು ಪಾಚಿಗತೆ ಪದರ ಕಟ್ಕೊಂಡು ಅದರೊಳಗ ಅಡಗಿರ್ತಾವ. ಆದ್ರ ಮೈ ಏನ್ ಸುಮ್ನ ಕೂಡ್ತದನ್ರಿ? ಜ್ವರ ಬರಸ್ತದ, ಬಾವು ತರಸ್ತದ, ನೋಯಸ್ತದ. ಅದು ಮೈ ಹೊಡ್ಯೋ ಬೊಬ್ಬಿ. ಈ ಮೂರು ಮಂದಿ ಮೈ ಬೊಬ್ಬೀನ ಹೊಡದಿಲ್ಲ.”

ಗುರಣ್ಣ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಮತ್ತೆ ಲೆಕ್ಕ ಹಾಕಿದ. ಮೂರು ಮನೆಗೆ ಮೂರು ಬೇರೆ ಬೇರೆ ಕಳ್ಳರು ನುಗ್ಗಿದ್ದಾರೆ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಹಾಗಾದರೆ ಕಳ್ಳರನ್ನು ಹುಡುಕಿ ಫಲವಿಲ್ಲ. ಮೂರೂ ಮನೆಯ ಕಾವಲುಗಾರನಿಗೆ ಮಂಪರು ಬರಿಸಿದ್ದು ಯಾರು ಎಂದು ನೋಡಬೇಕು.

ಅವನ ಕೈ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು. ನೋವಿಲ್ಲ.

“ಮೆಹರಾಜ, ನನ್ನ ಮೊಳಕಾಲು ನೋವು ಹೋಗ್ಯದ.”

“ಎಷ್ಟು ದಿನ ಆತ್ರಿ?”

“ಐದಾರು ದಿನ.”

“ಗುಳಿಗಿ ಏನರ?”

“ಒಂದೂ ಇಲ್ಲ.”

“ಮತ್ತ ಏನ್ ತಿಂದೀರಿ ಕಾಕಾ?”

ಹೆಗಲ ಚೀಲದಲ್ಲಿ ಸ್ಟೀಲ್ ಡಬ್ಬಿಯಿತ್ತು. ಎಂಟು ದಿನದ ಹಿಂದೆ ಮೊದಲ ಸಲ ಬಂದಾಗ ಬೀರಲಿಂಗಪ್ಪನ ಹೆಂಡತಿ ಗಂಗಾಬಾಯಿ, ಹೆಂಡತಿಯಿಲ್ಲದ ಮನುಷ್ಯ ಒಣ ರೊಟ್ಟಿ ತಿನ್ನಬಾರದೆಂದು ತುಂಬಿಸಿ ಕೊಟ್ಟಿದ್ದ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ ಡಬ್ಬಿ. ಎಣ್ಣೆ ಹಾಕಿಕೊಂಡು ಎರಡು ಹೊತ್ತೂ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದ. ನಿನ್ನೆ ಮುಗಿಯಿತು. ಇವತ್ತು ಬೆಳಿಗ್ಗೆ ಸಾಬೂನು ಹಚ್ಚಿ ತಿಕ್ಕಿ ತೊಳೆದು, ಕೊಟ್ಟವರ ಡಬ್ಬಿ ಬರಿದಾಗಿ ಹಿಂತಿರುಗಿಸಬಾರದೆಂದು ಒಳಗೆ ಒಂದು ಉಂಡೆ ಬೆಲ್ಲ ಇಟ್ಟು ತಂದಿದ್ದ.

ಇಡೀ ಸೀಮೆಯಲ್ಲಿ ಪುರಾವೆಯನ್ನು ತಾನೇ ತಿಂದು, ತಾನೇ ತೊಳೆದು, ಮೇಲೆ ಬೆಲ್ಲ ಬೇರೆ ತುಂಬಿ ತಂದ ಪತ್ತೇದಾರ ತಾನೊಬ್ಬನೇ ಇರಬೇಕು. ನಗು ಬರಬೇಕಿತ್ತು. ಆಯಾಸ ಬಂತು.

ಅವನು ಹೇಳಿದ್ದನ್ನೆಲ್ಲ ಕೇಳಿ ಮೆಹರಾಜಬೇಗಂ ನಿಟ್ಟುಸಿರಿಟ್ಟಳು. “ಸ್ಟಿರಾಯ್ಡ್ ಇರ್ಬೇಕ್ರಿ. ಸಂಧಿನೋವಿನ ಪುಡಿ ಅಂತ ಮಾರ್ತಾರಲ್ಲ, ಅದ್ರಾಗ ಕಲಸಿರ್ತಾರ. ನೋವು ಹೋಗ್ತದ, ಹಸಿವಿ ಆಗ್ತದ, ಮಾರಿ ತುಂಬ್ಕೋತದ. ಮಂದಿ ಖುಷಿ ಆಗ್ತಾರ. ಒಳಗ ಮೈ ಬಾಯಿ ಕಟ್ಟಿದಂಗ ಆಗಿರ್ತದ. ಆ ಪುಡಿ ಒಂದ್ ಚಿಟಿಕಿ ಸಿಕ್ಕರ ಲ್ಯಾಬಿನ್ಯಾಗ ಹೇಳ್ತಾರ. ಬರೇ ನಿಮ್ಮ ಮೊಳಕಾಲಿನ ಸಾಕ್ಷಿ ಪೊಲೀಸ್ರು ಕೇಳ್ತಾರೇನ್ರಿ?”

ಗುರಣ್ಣ ಕೆಳಗಿಳಿದ.

ಅಡುಗೆಮನೆಯಲ್ಲಿ ಶಿವಕಾಂತಾ ರೊಟ್ಟಿ ಬಡಿಯುತ್ತಿದ್ದಳು. ಇನ್ನೆರಡು ತಾಸಿಗೆ ಪೊಲೀಸರು ಬರುತ್ತಾರೆಂದು ಗೊತ್ತಿದ್ದೂ ರೊಟ್ಟಿ ಬಡಿಯುತ್ತಿದ್ದಳು, ಮನೆಯಲ್ಲಿ ಉಣ್ಣುವವರಿದ್ದಾರಲ್ಲ. ಗಂಗಾಬಾಯಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಒಂದು ಬಕೀಟು. ಮೂರು ದಿನದಿಂದ ವಾಂತಿ, ಎದ್ದರೆ ತಲೆ ತಿರುಗುವುದು. ಗಂಡ ಹೋದ ದುಃಖ ಎಂದು ಊರ ಹೆಂಗಸರು ಬಂದು ಕಣ್ಣೀರು ಹಾಕಿ ಹೋಗಿದ್ದರು. ಗುರಣ್ಣನೂ ಹಾಗೆಂದೇ ತಿಳಿದಿದ್ದ.

“ಒಂದ್ ರೊಟ್ಟಿ ಕೊಡವ್ವ, ಹಿಂಡಿ ಹಚ್ಚಿ ಕೊಡು,” ಅಂದ.

“ಹಿಂಡಿ ಇಲ್ರಿ ಕಾಕಾ,” ಅಂದಳು ಶಿವಕಾಂತಾ. “ಮೂರು ದಿನದ ಹಿಂದ ಅತ್ತಿ ಪೂರಾ ಹಳ್ಳಕ್ಕ ಚೆಲ್ಲಿ ಡಬ್ಬಿ ತೊಳದಿಟ್ರು. ಹುಳ ಬಿದ್ದಿತ್ತಂತ. ಅಫಜಲಪುರಕ್ಕ, ಜೇವರ್ಗಿಗೂ ಫೋನ್ ಮಾಡಿ ಚೆಲ್ಲಾಕ ಹೇಳ್ಯಾರ.”

ಗೋಡೆಯ ಗೂಡಿನಲ್ಲಿ, ಆ ಮಾಡದ ಮೇಲೆ, ದೊಡ್ಡ ಡಬ್ಬಿ ಬೋರಲು ಬಿದ್ದಿತ್ತು. ಉಪ್ಪಿಲ್ಲದ ಮನೆ ಈ ಕಡೆ ಸಿಕ್ಕೀತು, ಹಿಂಡಿಯಿಲ್ಲದ ಮನೆ ಸಿಗುವುದಿಲ್ಲ. ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದ ಹಿಂಡಿಗೆ ಒಂದೇ ತಿಂಗಳಲ್ಲಿ ಹುಳ ಬೀಳುವುದಂತೂ ಇಲ್ಲವೇ ಇಲ್ಲ.

ಗುರಣ್ಣ ಗಂಗಾಬಾಯಿಯ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ. ಎಂಟು ವರ್ಷದಲ್ಲಿ ಹಾಗೆ ಕುಳಿತಿರಲಿಲ್ಲ.

“ಅಕ್ಕಾ, ಹಿಂಡ್ಯಾಗ ಏನೇನ್ ಹಾಕ್ತಿ?”

“ಶೇಂಗಾ, ಬಳ್ಳೊಳ್ಳಿ, ಖಾರ, ಉಪ್ಪು. ಮತ್ತೇನ್ ಹಾಕ್ತಾರ?”

“ಮತ್ತ ನನ್ನ ಮೊಳಕಾಲು ಯಾಕ ನೋಯವಲ್ದು?”

ಗಂಗಾಬಾಯಿಯ ತುಂಬಿದ ಮುಖದಲ್ಲಿ, ಬತ್ತಿದ ಕಣ್ಣಿನಲ್ಲಿ, ಒಂದು ಸಣ್ಣ ಬೆಳಕು ಮೂಡಿತು. ತಡೆದುಕೊಳ್ಳುವುದರೊಳಗೆ ಮಾತು ಹೊರಗೆ ಬಿದ್ದಿತ್ತು.

“ನಿಮಗೂ ಕಮ್ಮಿ ಆತೇನ್ರಿ?”

ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಗುರಣ್ಣ ಗದರಲಿಲ್ಲ. ಗದರುವ ಕಾಲ ಮುಗಿದಿತ್ತು. ಅವಳೇ ಹೇಳಲಿ ಎಂದು ಕಾದ. ಹೇಳಿದಳು, ತಡೆತಡೆದು, ನಡುನಡುವೆ ಬಕೀಟಿಗೆ ಬಗ್ಗುತ್ತ.

“ಅವರು ಗುಳಿಗಿ ಮುಟ್ತಿರಲಿಲ್ರಿ. ಗುಳಿಗಿ ನುಂಗಿದ್ರ ಮುದುಕ ಆದಂಗ ಅಂತಿದ್ರು. ರಾತ್ರೆಲ್ಲ ನಡ ಹಿಡ್ಕೊಂಡು ನರಳೋರು. ಯಡ್ರಾಮಿ ಸಂತ್ಯಾಗ ಒಬ್ಬಾಂವ ಪುಡಿ ಕೊಟ್ಟ. ಕುಡೀರಿ ಅಂದ್ರ ಕುಡೀಲಿಲ್ಲ. ಹಿಂಡ್ಯಾಗ ಕಲಸಿ ಹಾಕಿದ್ನಿ. ನಾನೂ ತಿಂದ್ನಿ, ನಂಗೂ ನಡ ನೋವು. ಎಂಟು ದಿನದಾಗ ಅವರು ಹರೇದಾಂವನಂಗ ಹೊಲದಾಗ ಗಳೆ ಹೊಡ್ಯಾಕ ಹೋದ್ರು. ವರ್ಷ ಆತ್ರಿ.”

“ಮಕ್ಕಳ ಮನಿಗೆ ಯಾಕ ಕಳಿಸಿದಿ?”

“ಅಮೃತನ ಅತ್ತಿ ಹಾಸಿಗಿ ಹಿಡದಿದ್ಳು. ತಿಂದು ಎದ್ದು ಅಡ್ಡಾಡಿದ್ಳು. ಶಿವಗಂಗಾನ ಗಂಡ ಟ್ರ್ಯಾಕ್ಟರ್ ಹೊಡೀತಾನ, ಅವಂಗೂ ಬೆನ್ನು. ಬೀಗರು ಹಿಂಡಿ ಹಿಂಡಿ ಅಂತ ಕೇಳಿ ಕೇಳಿ ತರಸ್ಕೊಳ್ಳೋರು. ನನ್ನ ಹೆಣ್ಮಕ್ಕಳು ಅಲ್ಲಿ ಸುಖದಿಂದ ಇರ್ಲಿ ಅಂತ ಮಾಡಿದ್ನಿ, ಅಣ್ಣಾ.”

“ಶಿವಕಾಂತಾಗ ಗೊತ್ತಿತ್ತೇನು?”

“ಇಕಿಗೇನ್ ಗೊತ್ತು? ಇಕಿಗೆ ಶೇಂಗಾ ತಿಂದ್ರ ಮೈ ಕಡೀತದ. ಬರೇ ಹೊತ್ಕೊಂಡ್ ಹೋಗಿ ಕೊಟ್ಟು ಬರ್ತಿದ್ಳು.”

ಒಯ್ದವಳು ಇವಳೇ, ಬಾಯಿಗೆ ಇಡದವಳೂ ಇವಳೇ. ಪರಮೇಶ ಸೊಲ್ಲಾಪುರದ ಕೆಲಸ ಬಿಟ್ಟು ಅಪ್ಪನ ಮಣ್ಣಿಗೆ ಬಂದಾಗ ಊರವರು ಅವನ ಕಿವಿಗೆ ಊದಿದ್ದು ಇದನ್ನೇ. ಹೆಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿತ್ತು. ಶಿವಕಾಂತಾ ಅದನ್ನು ತೆಗೆಯಲಿಲ್ಲ. ಅತ್ತೆಯನ್ನೇ ನೋಡುತ್ತಿದ್ದಳು.

“ಇದನ್ನ ಪೊಲೀಸ್ರ ಮುಂದ ಹೇಳು, ಅಕ್ಕಾ.”

“ಹೇಳಾಂಗಿಲ್ಲ.”

“ಸೊಸಿ ಜೈಲಿಗೆ ಹೋಗ್ತಾಳ.”

“ಪೊಲೀಸ್ರಿಗೆ ಹೇಳ್ತೇನಿ ಬೇಕಂದ್ರ. ನನ್ನ ಮಗನ ಮುಂದ ಹೇಳಾಂಗಿಲ್ಲ. ಅಪ್ಪನ್ನ ಕೊಂದಾಕಿ ಅವ್ವ ಅಂತ ಅವಂಗ ತಿಳದ ಮ್ಯಾಲ ನಾ ಅವನ ಮಾರಿ ಹೆಂಗ ನೋಡ್ಲಿ?” ಅವಳು ಸೊಂಟದ ಎಲೆಯಡಿಕೆ ಸಂಚಿಯನ್ನು ಬಿಚ್ಚಿದಳು. ಒಳಗಿನಿಂದ ಕಾಗದದ ಸಣ್ಣ ಪೊಟ್ಟಣ ಹೊರಬಂತು. “ವಿಷ ವಿಷ ಅಂತ ಮಾತು ಎದ್ದ ಮ್ಯಾಲ ಅಂಜಿ ಎಲ್ಲಾ ಒಲಿಗೆ ಹಾಕೀನಿ. ಇದೊಂದು ಉಳದದ. ತಗೊಂಡ್ ಹೋಗಿ ತಪಾಸ ಮಾಡಸ್ರಿ. ವಿಷ ಅಲ್ಲ ಅಂತ ತಿಳದ್ರ ಇಕಿನ್ನ ಬಿಡ್ತಾರ. ಮಗನ ಮುಂದ ನನ್ನ ಹೆಸರು ತಗೀಬ್ಯಾಡ್ರಿ.”

ಗುರಣ್ಣ ಪೊಟ್ಟಣವನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಮೇಲೆ ತಾರೀಕು ಬರೆದು ಅಡ್ಡಲಾಗಿ ಸಹಿ ಮಾಡಿದ. ಎಣ್ಣೆಯ ಸ್ಯಾಂಪಲ್ ಹಿಡಿಯುವಾಗ ಸಾವಿರ ಸಲ ಮಾಡಿದ ಕೆಲಸ. ಕೈ ತಾನಾಗಿಯೇ ಮಾಡಿತು. ಲಕೋಟೆಯನ್ನು ಮಾಡದ ಮೇಲೆ, ಬೋರಲು ಡಬ್ಬಿಯ ಪಕ್ಕ ಇಟ್ಟ.

ಶಿವಕಾಂತಾ ಹಿಟ್ಟು ಮೆತ್ತಿದ ಕೈಯಿಂದಲೇ ಹತ್ತಿರ ಬಂದಳು. “ಕಾಕಾ, ಇದು ಇದ್ರ ನಾ ಉಳೀತೇನೇನ್ರಿ?”

“ಉಳೀತಿ.”

“ಇಲ್ಲಾಂದ್ರ?”

ಅವನು ಲಕೋಟೆಯನ್ನು ಡಬ್ಬಿಯ ಹಿಂದಕ್ಕೆ ಸರಿಸಿದ. ಆ ಹುಡುಗಿಗೆ ಸುಳ್ಳು ಹೇಳುವಷ್ಟು ಕಸುವು ಅವನಲ್ಲಿರಲಿಲ್ಲ.

ಅಷ್ಟರಲ್ಲಿ ಗಂಗಾಬಾಯಿ ನೀರು ಕುಡಿಯಲೆಂದು ಗೋಡೆ ಹಿಡಿದು ಎದ್ದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಕಾಲು ಮಡಿಚಿ, ಬಟ್ಟೆ ಗಂಟು ಬಿದ್ದಂತೆ ಒಲೆಯ ಪಕ್ಕ ಬಿದ್ದಳು. ಶಿವಕಾಂತಾ ಓಡಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗುರಣ್ಣ ಮಣಿಕಟ್ಟು ಹಿಡಿದ. ಬೆವರಿ ತಣ್ಣಗಾಗಿದ್ದ ಕೈ. ನಾಡಿ ಸಿಗಲೇ ಬಹಳ ಹೊತ್ತು ಹಿಡಿಯಿತು.

ಅವನು ಮತ್ತೆ ಮಾಳಿಗೆಗೆ ಓಡಿದ. ಹದಿನಾಲ್ಕು ಮೆಟ್ಟಿಲು, ಒಂದೂ ಎಣಿಸಲಿಲ್ಲ.

“ಪುಡಿ ಬಿಟ್ಟು ಎಷ್ಟು ದಿನ ಆತಂತ್ರಿ?” ಮೆಹರಾಜಬೇಗಂಳ ದನಿ ಬದಲಾಗಿತ್ತು.

“ಮೂರು ದಿನ.”

“ಯಾ ಅಲ್ಲಾ! ಏಕದಂ ಬಿಡಬಾರದ್ರಿ ಕಾಕಾ. ವರ್ಷಗಟ್ಲೆ ಸ್ಟಿರಾಯ್ಡ್ ಹೊರಗಿಂದ ಬಂದ್ರ ಮೈ ತನ್ನದು ತಾ ಮಾಡ್ಕೊಳ್ಳೋದ ಮರ್ತಿರ್ತದ. ಬಿಪಿ ಬಿದ್ದು ಹೋಗಿಬಿಡ್ತಾಳ. ಅಫಜಲಪುರ, ಜೇವರ್ಗಿ ದವಾಖಾನಿಗೂ ನಾ ಈಗ ಫೋನ್ ಹಚ್ಚಬೇಕು. ಆಂಬುಲೆನ್ಸ್ ಎಷ್ಟೊತ್ತಿಗೆ ಬರ್ತದ?”

“ಫೋನ್ ಮಾಡೀನಿ. ನಲವತ್ತು ನಿಮಿಷ ಅಂದಾರ.”

“ಅಷ್ಟೊತ್ತು ತಡೀತಾಳೋ ಇಲ್ಲೋ. ಊರಾಗ ಇಂಜೆಕ್ಷನ್ ಮಾಡೋರು?”

“ಯಾರೂ ಇಲ್ಲ.”

“ಮನ್ಯಾಗ ಆ ಪುಡಿ ಉಳದದೇನ್ರಿ? ಎಚ್ಚರ ಇದ್ದಾಗ, ನುಂಗಾಕ ಬರ್ತಿದ್ರ, ಇದ್ದಷ್ಟೂ ಈಗಿಂದೀಗ ಕುಡಸ್ರಿ. ಬ್ಯಾರೆ ದಾರಿ ಇಲ್ಲ.”

ಗುರಣ್ಣ ಫೋನು ಕಿವಿಗೆ ಹಿಡಿದುಕೊಂಡೇ ತಿರುಗಿದ. ಮಾಳಿಗೆಯ ನಡುವೆ ಅಡುಗೆಮನೆಗೆ ಬೆಳಕು ಬಿಡುವ ಬೆಳಕಿಂಡಿಯಿತ್ತು. ಅದರ ಅಂಚಿಗೆ ಮೊಣಕಾಲೂರಿ ಬಗ್ಗಿದ. ಕೆಳಗೆ ಗಂಗಾಬಾಯಿಯ ಬೆಳ್ಳಗಾದ ಮುಖ, ಅದರ ಮೇಲೆ ಬಾಗಿದ್ದ ಶಿವಕಾಂತಾಳ ನೆತ್ತಿ ಕಾಣಿಸಿತು.

ಎರಡು ಉಸಿರಿನಷ್ಟು ಹೊತ್ತು ಅವನು ಸುಮ್ಮನಿದ್ದ. ಒಂದು ಕಡೆ ಅರವತ್ತು ದಾಟಿದ ಜೀವ, ಇನ್ನೊಂದು ಕಡೆ ಬಾಳಬೇಕಾದ ಹುಡುಗಿ. ನಡುವೆ ತಾನೇ ಸಹಿ ಮಾಡಿದ ಒಂದು ಲಕೋಟೆ. ಆ ಎರಡು ಉಸಿರಿಗಾಗಿ ಆಮೇಲೆ ಅವನು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

“ಶಿವಕಾಂತಾ,” ಎಂದು ಮೇಲಿನಿಂದ ಕೂಗಿದ. “ಡಾಕ್ಟರ್ ಅಂತಾರ... ಅತ್ತಿ ಉಳೀಬೇಕಂದ್ರ ಅದೇ ಪುಡಿ ಬೇಕಂತ.”

ಅವಳು ತಲೆಯೆತ್ತಿ ನೋಡಿದಳು. ಲಕೋಟೆ ಒಡೆ ಎಂದು ಅವನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಎದ್ದು, ಮಾಡದ ಮೇಲಿನ ಲಕೋಟೆಯನ್ನು ತೆಗೆದುಕೊಂಡು, ಸಹಿಯ ಮೇಲೆಯೇ ಹರಿದಳು. ಪೊಟ್ಟಣವನ್ನು ಲೋಟದ ನೀರಿಗೆ ಸುರಿದು ಬೆರಳಿನಿಂದ ಕದಡಿದಳು.

“ಬಾಯಿ ತಗೀರಿ, ಅತ್ತಿ.”

ಗಂಗಾಬಾಯಿ ಲೋಟ ನೋಡಿದಳು, ನೆಲದ ಮೇಲಿನ ಹರಿದ ಕಾಗದ ನೋಡಿದಳು. ಹಲ್ಲು ಕಚ್ಚಿ ತಲೆಯಾಡಿಸಿದಳು. “ಬ್ಯಾಡ... ನಿಂದು ಹೆಂಗ...”

“ನಂದು ಆಮ್ಯಾಲ ನೋಡೂಣು. ಕುಡೀರಿ.” ಶಿವಕಾಂತಾ ಒಂದು ಕೈಯಲ್ಲಿ ಅತ್ತೆಯ ದವಡೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗುಟುಕು ಗುಟುಕಾಗಿ ಕುಡಿಸಿದಳು. ಲೋಟ ತಳ ಕಂಡಿತು.

ಜೀಪಿನ ಸದ್ದು ಗುರಣ್ಣನಿಗೆ ಕೇಳಿಸಿದ್ದು ಆಗಲೇ, ಬಾಗಿಲಲ್ಲಿ ನಿಂತ ಮೇಲೆ. ನಾಲ್ಕಕ್ಕೆ ಬರಬೇಕಾದವರು ಎರಡೂವರೆಗೇ ಬಂದಿದ್ದರು. ಅವನು ಎದ್ದು ಮೆಟ್ಟಿಲ ಕಡೆ ತಿರುಗುವುದರೊಳಗೆ ಪರಮೇಶ ಅಡುಗೆಮನೆಯ ಹೊಸ್ತಿಲಲ್ಲಿದ್ದ. ಹಿಂದೆ ಇಬ್ಬರು ಪೊಲೀಸರು.

“ಏ! ಅವ್ವನ ಬಾಯಾಗ ಏನ್ ಹಾಕಾಕತ್ತೀ ಬೇ?”

ಶಿವಕಾಂತಾ ಲೋಟ ಹಿಡಿದುಕೊಂಡೇ ತಿರುಗಿದಳು. ಪೊಲೀಸಿನವ ಅವಳ ಕೈಯಿಂದ ಲೋಟ ಕಸಿದು, ತಳದಲ್ಲಿ ಅಂಟಿದ್ದ ಬಿಳಿ ಪುಡಿಯನ್ನು ಮೂಸಿ ನೋಡಿದ. ಇನ್ನೊಬ್ಬ ಗಂಗಾಬಾಯಿಯ ಬಳಿಯಿದ್ದ ಹರಿದ ಕಾಗದ ಎತ್ತಿಕೊಂಡ.

“ಪರಮೇಶಾ, ತಡಿ!” ಗುರಣ್ಣ ಬೆಳಕಿಂಡಿಯಿಂದ ಕೂಗಿದ. “ಅದು ಔಷಧ. ನಾನ ಹೇಳೀನಿ ಕುಡಸಾಕ. ನಿಮ್ಮವ್ವನ್ನ ಕೇಳು, ಅಕಿಗೆ ಎಲ್ಲಾ ಗೊತ್ತದ.”

ಪರಮೇಶ ಮೇಲೆ ನೋಡಲಿಲ್ಲ. ತಾಯಿಯ ಪಕ್ಕ ಕುಸಿದು, ಅವಳ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ದನಿ ಒಡೆದು ಸಣ್ಣ ಹುಡುಗನದಾಗಿತ್ತು.

“ಅವ್ವಾ, ನೀನ ಹೇಳವ್ವಾ. ಏನ್ ಕುಡಿಸಿದ್ಳು ಇಕಿ?”

ಗಂಗಾಬಾಯಿ ಕಣ್ಣು ತೆರೆದಳು. ಮೊದಲು ಸೊಸೆಯನ್ನು ನೋಡಿದಳು. ಆಮೇಲೆ ಬೆಳಕಿಂಡಿಯಲ್ಲಿದ್ದ ಗುರಣ್ಣನ ಮುಖ ನೋಡಿದಳು. ಕೊನೆಗೆ ಮಗನ ಮುಖಕ್ಕೆ ಅವಳ ಕಣ್ಣು ಬಂದು ನಿಂತಿತು, ಅಲ್ಲಿಂದ ಕದಲಲಿಲ್ಲ.

“ನಂಗ ಗೊತ್ತಿಲ್ಲಪ್ಪ,” ಅಂದಳು.